ಆರು ಬೇದಾಣೆ ತೂಕದ ಹಕ್ಕಿ

ನನ್ನ ಮಗಳ ಟೀಚರಿಗೆ ಆ ಬುದ್ಧಿ ಯಾರು ಕೊಟ್ಟರೋ ಗೊತ್ತಿಲ್ಲ. ಸಾಂಗಲಿಯ ಐದನೇ ಇಯತ್ತೆಯ ಮಕ್ಕಳಿಗೆ, ಸಾಂಗಲಿಯಲ್ಲಿ ಯಾರೂ ಎಂದೂ ಕಾಣದ ಹಕ್ಕಿಯ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದರು. ಚಾರ್ಟ್ ಪೇಪರಿನ ನಡುವೆ ಗೆರೆ ಎಳೆಯಬೇಕು. ಎಡಗಡೆ ಕೆಂಪು ಕೊರಳಿನ ಹಮ್ಮಿಂಗ್‌ಬರ್ಡ್, ಬಲಗಡೆ ಹದ್ದು. ತೂಕ, ಆಹಾರ, ಹಾರುವ ರೀತಿ, ಗೂಡು, ಸ್ವಭಾವ ಎಂದು ಐದು ಸಾಲು ತುಂಬಬೇಕು. ಮಗಳ ಅಕ್ಷರ ಕೋಳಿ ಕೆದರಿದ ಹಾಗಿರುವುದರಿಂದ ಬರೆಯುವ ಕೆಲಸ ನನಗೆ ಬಂತು. ಮಕ್ಕಳ ಪ್ರಾಜೆಕ್ಟ್ ಎಂದರೆ ತಾಯಂದಿರ ಪ್ರಾಜೆಕ್ಟ್. ಇದನ್ನು ಶಾಲೆಯವರೂ ಬಲ್ಲರು, ಆದರೂ ಅಂಕ ಮಾತ್ರ ಮಕ್ಕಳಿಗೇ ಕೊಡುತ್ತಾರೆ.

ಮೊದಲ ಸಾಲು ತೂಕದ್ದು. ಫೋನಿನಲ್ಲಿ ಹುಡುಕಿದರೆ ಹಮ್ಮಿಂಗ್‌ಬರ್ಡಿನ ತೂಕ ಮೂರು ಗ್ರಾಂ ಎಂದಿತ್ತು. ಮೂರು ಗ್ರಾಂ ಎಂದರೆ ಎಷ್ಟು ಎಂದು ಮಗಳು ಕೇಳಿದಳು. ನಮ್ಮದು ಬೇದಾಣೆಯ ಅಡತಿ ಅಂಗಡಿ. ಒಣದ್ರಾಕ್ಷಿಗೆ ನಮ್ಮ ಪೇಟೆಯಲ್ಲಿ ಬೇದಾಣಾ ಅನ್ನುತ್ತಾರೆ. ಸಲಗರೆಯ ಕಡೆಯ ರೈತರು ದ್ರಾಕ್ಷಿ ಒಣಗಿಸಿ ಪೆಟ್ಟಿಗೆ ತುಂಬಿ ನಮ್ಮಲ್ಲಿ ಇಟ್ಟು ಹೋಗುತ್ತಾರೆ, ನಾವು ಕೊಳ್ಳುವವರನ್ನು ಕರೆಸಿ ಮಾರಿಸಿ ಕೊಡುತ್ತೇವೆ. ಅಂಗಡಿಯಲ್ಲಿ ನಮೂನೆ ತೂಗುವ ಸಣ್ಣ ತಕ್ಕಡಿ ಇದೆ. ಅದರಲ್ಲಿ ಮಗಳು ಒಂದೊಂದೇ ಬೇದಾಣೆ ಇಡುತ್ತ ಹೋದಳು. ಆರಕ್ಕೆ ಮೂರು ಗ್ರಾಂ ಆಯಿತು. ಇಡೀ ಹಕ್ಕಿ, ರೆಕ್ಕೆ, ಪುಕ್ಕ, ಕೊಕ್ಕು, ಜೀವ ಎಲ್ಲ ಸೇರಿ ಆರು ಬೇದಾಣೆ. ಅವಳು ನಗುತ್ತಲೇ ಇದ್ದಳು. ತೂಗಿದ ಆರನ್ನೂ ನಾನು ನೆನಪಿಟ್ಟು ಮತ್ತೆ ನಮೂನೆಯ ತಾಟಿಗೆ ಹಾಕಿದೆ. ರೈತನ ಮಾಲು ನಮ್ಮ ಬಾಯಿಗೆ ಹೋಗಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆ. ವ್ಯಾಪಾರದ ಹೊತ್ತಿಗೆ ಕೊಳ್ಳುವವರು ನೆಲಕ್ಕೆ ಚೆಲ್ಲಿದ್ದನ್ನೂ ಅತ್ತೆ ಆರಿಸಿ, ಜಾಡಿಸಿ, ಅದೇ ರೈತನ ಪೆಟ್ಟಿಗೆಗೆ ಹಾಕಿಸುತ್ತಾರೆ. ಮನೆಗೆ ಬೇಕಾದ ಬೇದಾಣೆಯನ್ನು ನಾವು ಬೇರೆ ಅಂಗಡಿಯಿಂದ ಕೊಂಡು ತರುತ್ತೇವೆ. ಇದನ್ನು ಕೇಳಿ ಮಿರಜದ ನನ್ನ ತವರಿನವರು ಈಗಲೂ ನಗುತ್ತಾರೆ.

ಎರಡನೇ ಸಾಲು ಆಹಾರದ್ದು. ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ ಐವತ್ತು ಸಲ ರೆಕ್ಕೆ ಬಡಿಯುತ್ತದಂತೆ. ಅದಕ್ಕಾಗಿ ಬೆಳಗಿನಿಂದ ಸಂಜೆಯವರೆಗೆ ಹೂವಿನಿಂದ ಹೂವಿಗೆ ಹೋಗಿ ಸಿಹಿ ಕುಡಿಯುತ್ತಲೇ ಇರಬೇಕು. ಹಗಲಿನಲ್ಲಿ ಕೆಲವು ಗಂಟೆ ಏನೂ ಸಿಗದಿದ್ದರೆ ಬದುಕುವುದೇ ಕಷ್ಟ. ಹದ್ದಿನದು ಹಾಗಲ್ಲ. ಒಮ್ಮೆ ಹೊಟ್ಟೆ ತುಂಬಿದರೆ ಎತ್ತರದಲ್ಲಿ ಕೂತು ನೋಡುತ್ತ ದಿನ ಕಳೆಯುತ್ತದೆ. ರೆಕ್ಕೆ ಬಡಿಯದೆಯೇ ಗಾಳಿಯಲ್ಲಿ ತೇಲುತ್ತದೆ. ಬರೆಯುತ್ತ ಬರೆಯುತ್ತ ನನ್ನ ಪೆನ್ನು ನಿಂತಿತು. ಎಡಗಡೆಯ ಸಾಲು ನನ್ನದು, ಬಲಗಡೆಯದು ನಮ್ಮ ಅತ್ತೆಯದು ಎನಿಸಿತು. ನಗು ಬರಲಿಲ್ಲ, ಸಿಟ್ಟು ಬಂತು.

ಸಿಟ್ಟು ಯಾಕೆ ಎಂದು ಹೇಳಬೇಕು. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಕಾಲೇಜಿನ ಮೆಟ್ಟಿಲ ಮೇಲೆ ಕುಸಿದು ಬಿದ್ದೆ. ಮಿರಜದಲ್ಲಿ ಹುಟ್ಟಿದವರಿಗೆ ದವಾಖಾನೆ ದೂರವೇನಲ್ಲ, ನಮ್ಮ ಓಣಿಯ ಎರಡೂ ತುದಿಗೆ ಒಂದೊಂದು ಇದ್ದವು. ಡಾಕ್ಟರು ನೋಡಿ ಸಕ್ಕರೆ ಕಾಯಿಲೆ ಎಂದರು. ದೇಹಕ್ಕೆ ಬೇಕಾದ ಇನ್ಸುಲಿನ್ ದೇಹವೇ ಮಾಡುತ್ತಿಲ್ಲ, ಇನ್ನು ಜೀವಮಾನವಿಡೀ ದಿನವೂ ಚುಚ್ಚಿಕೊಳ್ಳಬೇಕು. ಊಟದ ಮುಂದೆ ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು, ಉಣ್ಣದಿದ್ದರೆ ರಕ್ತದಲ್ಲಿನ ಸಕ್ಕರೆ ಇಳಿದು ಬೆವರು, ನಡುಕ, ಮಂಪರು ಬರುತ್ತದೆ, ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ ಎಂದು ಮೂರು ಸಲ ಹೇಳಿದರು. ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಲಗ್ನ ಆಗತೈತೇನ್ರಿ ಡಾಕ್ಟರ?"

ಆಗುತ್ತದೆ, ಮಕ್ಕಳೂ ಆಗುತ್ತವೆ ಎಂದರು ಅವರು. ಆದರೆ ಗಂಡಿನ ಮನೆಯವರಿಗೆ ಹೇಳಿದರೆ ಆಗುವುದಿಲ್ಲ ಎನ್ನುವುದನ್ನು ಅವ್ವ ತಾನೇ ತೀರ್ಮಾನಿಸಿದಳು. ನನ್ನ ಬೆನ್ನಿಗೆ ತಂಗಿ ಇದ್ದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನನ್ನ ತವರಿನವರು ಮಿತವ್ಯಯಿಗಳು, ಒಂದೇ ಸುಳ್ಳಿನಲ್ಲಿ ಮುಗಿಸಿದರು. ಮೂರು ವರ್ಷದ ಮೇಲೆ ತಂಗಿಯ ಮದುವೆಯೂ ಆಯಿತು, ಅದೂ ನಮ್ಮ ಅತ್ತೆಯ ತವರಿನ ಕಡೆಗೇ. ಅಲ್ಲಿಗೆ ನಾನು ಬಾಯಿ ಬಿಡುವ ದಾರಿಯೂ ಮುಚ್ಚಿಹೋಯಿತು. ನನ್ನದು ಹೊರಬಿದ್ದರೆ ಅವಳನ್ನೂ ನಿಲ್ಲಿಸಿ ಕೇಳುತ್ತಾರೆ, ಒಂದೇ ಮನೆಯವರು ಎರಡು ಸಲ ಮೋಸ ಮಾಡಿದರು ಅನ್ನುತ್ತಾರೆ. ಬಿಸಿ ತುಪ್ಪ ನುಂಗಲಿಕ್ಕೂ ಆಗಲಿಲ್ಲ, ಉಗುಳಲಿಕ್ಕೂ ಆಗಲಿಲ್ಲ.

ಗಂಡನಿಗೆ ಮದುವೆಯಾದ ವಾರದಲ್ಲೇ ಗೊತ್ತಾಯಿತು. ನನ್ನ ಚೀಲದಲ್ಲಿ ಸೂಜಿ ಸಿಕ್ಕಿತು. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. "ಅವ್ವಗ ಈಗ ಹೇಳಬ್ಯಾಡ. ವ್ಯಾಳ್ಯಾ ನೋಡಿ ನಾನ ಹೇಳ್ತೀನಿ" ಎಂದರು. ಹನ್ನೊಂದು ವರ್ಷ ವೇಳೆ ನೋಡುತ್ತಲೇ ಇದ್ದರು. ನನ್ನ ತಪಾಸಣೆಗಳೆಲ್ಲ "ತವರಿಗೆ ಹೋಗಿ ಬರ್ತೀನ್ರಿ" ಎಂಬ ಮಾತಿನಲ್ಲಿ ನಡೆದವು. ಬಸುರಿಯಾದಾಗ ಮೂರನೇ ತಿಂಗಳಿಗೇ ವಾಂತಿಯ ನೆಪ ಹೇಳಿ ಮಿರಜಕ್ಕೆ ಹೋದವಳು ಮಗಳನ್ನು ಎತ್ತಿಕೊಂಡೇ ಬಂದೆ. ಇನ್ಸುಲಿನ್ನಿನ ಪೆನ್ನುಗಳನ್ನು ಫ್ರಿಜ್ಜಿನಲ್ಲಿ ಮೆಹಂದಿ ಕೋನಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಅತ್ತೆ ಒಂದು ದಿನ ಆ ಡಬ್ಬಿ ಸರಿಸುತ್ತ, "ಏಸು ಮೆಹಂದಿ ಹಚ್ಚಗೋತಿಯವ್ವಾ, ಕೈ ನೋಡಿದ್ರ ಬೆಳ್ಳಗ ಅದಾವ" ಎಂದಿದ್ದರು. ಆ ರಾತ್ರಿಯೇ ಎರಡೂ ಕೈಗೆ ಮೆಹಂದಿ ಹಚ್ಚಿಕೊಂಡೆ.

ಅತ್ತೆಗೆ ಎಪ್ಪತ್ತರ ಹತ್ತಿರ. ಒಣಕಲು ಮೈ, ನೆಟ್ಟಗಿನ ಬೆನ್ನು, ಹೊಲಿಗೆಯ ಸೂಜಿಗೆ ಈಗಲೂ ಕನ್ನಡಕವಿಲ್ಲದೆ ದಾರ ಪೋಣಿಸುವ ಕಣ್ಣು. ದಿನವೂ ಅವರ ಲಿಂಗಪೂಜೆ ಮುಗಿಯುವ ತನಕ ಮನೆಯಲ್ಲಿ ದೊಡ್ಡವರು ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಪೂಜೆ ಒಂದು ದಿನ ಅರ್ಧ ಗಂಟೆ, ಒಂದು ದಿನ ಒಂದೂವರೆ ಗಂಟೆ. ನಾನು ಬಚ್ಚಲಲ್ಲಿ ಚುಚ್ಚಿಕೊಂಡು, ಪೂಜೆ ಉದ್ದವಾದರೆ ಸೊಂಟದ ಬಟವೆಯಿಂದ ನಾಲ್ಕು ಬೇದಾಣೆ ತೆಗೆದು, ಗೋಡೆಗೆ ಮುಖ ಮಾಡಿ, ದವಡೆ ಅಲುಗದ ಹಾಗೆ ನುಂಗುತ್ತಿದ್ದೆ. ಆ ಬೇದಾಣೆಯನ್ನು ಪೇಟೆಯ ಇನ್ನೊಂದು ತುದಿಯ ಅಂಗಡಿಯಿಂದ ಸೆರಗು ಮುಚ್ಚಿಕೊಂಡು ತರುತ್ತಿದ್ದೆ. ಬೇದಾಣೆ ವ್ಯಾಪಾರಿಯ ಸೊಸೆ ಬೇದಾಣೆಯನ್ನು ಕದ್ದು ಕೊಳ್ಳುವುದು ಪ್ರಪಂಚದಲ್ಲಿ ಬೇರೆಲ್ಲೂ ಇರಲಾರದು. ಅತ್ತೆ ನನಗೆ ಒಮ್ಮೆಯೂ ಬೈದವರಲ್ಲ. ನೋಡುತ್ತಿದ್ದರು, ಅಷ್ಟೇ. ಕಿಟಕಿಯ ಕಟ್ಟೆಯ ಮೇಲೆ ಕೂತು, ಒಲೆಯ ಮುಂದಿನ ನನ್ನ ಕೈ, ತಟ್ಟೆ, ಬಾಯಿ ಎಲ್ಲವನ್ನೂ ನೋಡುತ್ತಿದ್ದರು. ಆ ನೋಟದ ಕೆಳಗೆ ಹನ್ನೊಂದು ವರ್ಷ ಉಂಡೆ.

ಚಾರ್ಟಿನ ಎರಡು ಸಾಲು ಮುಗಿದಿದ್ದವು, ಅಷ್ಟರಲ್ಲಿ ನೀರು ಬಂತು. ಶ್ರಾವಣದಲ್ಲಿ ಕೃಷ್ಣೆ ಏರುವುದು ಸಾಂಗಲಿಗೆ ಹೊಸದಲ್ಲ. ಯಾವ ಮೆಟ್ಟಿಲಿಗೆ ನೀರು ಬಂದರೆ ಯಾವ ಓಣಿ ಖಾಲಿಯಾಗಬೇಕು ಎಂದು ಪೇಟೆಯವರಿಗೆ ಬಾಯಿಪಾಠ. ಗಂಡ ಅಂದು ಬೆಳಿಗ್ಗೆ ಸಲಗರೆಗೆ ಹೋಗಿದ್ದರು, ತಿರುಗಿ ಬರುವ ಹೊತ್ತಿಗೆ ರಸ್ತೆ ಬಂದಾಗಿತ್ತು. ಫೋನಿನಲ್ಲೇ ಹಮಾಲರನ್ನು ಕಳಿಸಿದರು. ಅವರು ಅಂಗಡಿಯ ಪೆಟ್ಟಿಗೆಗಳನ್ನೆಲ್ಲ ಹೊತ್ತು ಗಚ್ಚಿಯ, ಅಂದರೆ ತಾರಸಿಯ, ಮೇಲಿನ ಒಂಟಿ ಖೋಲಿಗೆ ತುಂಬಿ, ತಮ್ಮ ಮನೆಗಳನ್ನು ಉಳಿಸಿಕೊಳ್ಳಲು ಓಡಿದರು. ಸಂಜೆಗೆ ಅಂಗಡಿ ಮುಳುಗಿತು. ನಾವು ಇರುವುದು ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಅಲ್ಲಿಗೆ ಬರಲಾರದು ಎಂದುಕೊಂಡಿದ್ದೆವು. ನಸುಕಿನಲ್ಲಿ ಅಡಿಗೆಮನೆಯ ನೆಲ ಒದ್ದೆಯಾಯಿತು.

ಕೈಗೆ ಸಿಕ್ಕಿದ್ದನ್ನು ಹಿಡಿದು ಮೂವರೂ ಗಚ್ಚಿಗೆ ಹತ್ತಿದೆವು. ಅತ್ತೆ ಪೂಜೆಯ ಬುಟ್ಟಿ, ಸ್ಟೋವು, ಜೋಳದ ಹಿಟ್ಟು, ಅವಲಕ್ಕಿ ತಂದರು. ನಾನು ಇನ್ಸುಲಿನ್ ಪೆನ್ನು, ಬಟವೆ, ಕುಡಿಯುವ ನೀರಿನ ಕೊಡ ತಂದೆ. ಮಗಳು ಸುರುಳಿ ಸುತ್ತಿದ ಚಾರ್ಟ್ ತಂದಳು. ಸಕ್ಕರೆ, ಬೆಲ್ಲದ ಡಬ್ಬಿಗಳು ಕೆಳಗೇ ಉಳಿದು ನೀರು ಕುಡಿದವು. ಇದು ನೆನಪಾದಾಗ ಅಡಿಗೆಮನೆಯಲ್ಲಿ ಎದೆಮಟ್ಟ ನೀರಿತ್ತು.

ಆ ಖೋಲಿಯನ್ನು ನೆನೆದರೆ ಈಗಲೂ ಉಸಿರು ಕಟ್ಟುತ್ತದೆ. ನಾಲ್ಕೂ ಗೋಡೆಗೆ ಚಾವಣಿಯವರೆಗೆ ಬೇದಾಣೆಯ ಪೆಟ್ಟಿಗೆಗಳು, ನಡುವೆ ಮೂರು ಜನ ಕಾಲು ಚಾಚುವಷ್ಟು ನೆಲ, ಒಂದು ಕಿಟಕಿ. ಹೊರಗೆ ಬಿಡದೆ ಮಳೆ. ಕರೆಂಟು ಹೋಗಿತ್ತು, ಎರಡನೇ ದಿನಕ್ಕೆ ಫೋನುಗಳೂ ಸತ್ತವು. ಹುಳಿಸಿಹಿ ವಾಸನೆ ಮೂಗಿಗೆ ಹತ್ತಿ ಬಿಡುತ್ತಿರಲಿಲ್ಲ. ಕೆಳಗೆ ಮನೆಯಲ್ಲಿ ಬಚ್ಚಲಿತ್ತು, ಬಾಗಿಲಿತ್ತು, ಚಿಲಕವಿತ್ತು. ಒಂದು ಸುಳ್ಳನ್ನು ಬದುಕಿಸಿಡಲು ಎಷ್ಟು ಬಾಗಿಲು ಬೇಕು ಎಂದು ಅಲ್ಲಿ ತಿಳಿಯಿತು. ಚುಚ್ಚಿಕೊಳ್ಳಬೇಕಾದಾಗಲೆಲ್ಲ ಕೊಡೆ ಹಿಡಿದು ಗಚ್ಚಿಯ ನೀರಿನ ಟಾಕಿಯ ಹಿಂದೆ ಹೋಗುತ್ತಿದ್ದೆ. ಅತ್ತೆ ಕಿಟಕಿಯಲ್ಲಿ ಕೂತಿರುತ್ತಿದ್ದರು. ಸೊಸೆಗೆ ಮೂತ್ರದ ತೊಂದರೆ ಎಂದುಕೊಂಡರೋ ಏನೋ, ಕೇಳಲಿಲ್ಲ.

ಮಗಳು ಮಾತ್ರ ಖುಷಿಯಾಗಿದ್ದಳು. ಬಾಜೂ ಮನೆಯ ಟಾಕಿಯ ಮೇಲೆ ನಿಜವಾದ ಹದ್ದೊಂದು ಬಂದು ಕೂರುತ್ತಿತ್ತು. ಹಮ್ಮಿಂಗ್‌ಬರ್ಡ್ ನಮ್ಮ ದೇಶದಲ್ಲೇ ಇಲ್ಲ, ಆದರೆ ಗಚ್ಚಿಯ ದಾಸವಾಳದ ಕುಂಡಕ್ಕೆ ಮಳೆ ಸ್ವಲ್ಪ ನಿಂತಾಗ ಒಂದು ಸೂರಕ್ಕಿ ಬರುತ್ತಿತ್ತು. ಅದನ್ನೇ ನೋಡಿ ಅವಳು ಎಡಗಡೆಯ ಚಿತ್ರ ಬರೆದಳು. ಸೂರಕ್ಕಿ ಬೇರೆ, ಹಮ್ಮಿಂಗ್‌ಬರ್ಡ್ ಬೇರೆ, ಇದು ಕೊಂಬೆಯ ಮೇಲೆ ಕೂತು ಕುಡಿಯುತ್ತದೆ, ಅದು ಗಾಳಿಯಲ್ಲಿ ನಿಂತು ಕುಡಿಯುತ್ತದೆ, ಹಿಂದಕ್ಕೂ ಹಾರುತ್ತದೆ ಎಂದು ನನಗೇ ಪಾಠ ಹೇಳಿದಳು. ಅವಳ ಕನ್ನಡದಲ್ಲಿ ಅರ್ಧ ಮರಾಠಿ.

"ಅಜ್ಜಿ, ಹೇ ಬಘ್. ಘಾರ್, ಅಂದ್ರ ಹದ್ದು, ಅದಕ್ಕ ಭೂಕ್ ಆಗೂದ ಇಲ್ಲ. ದಿನಾಪೂರ ಕೂತ ಇರತೈತಿ" ಎಂದಳು.

ಅತ್ತೆ ಹದ್ದಿನ ಕಡೆ ನೋಡಿದರು. "ಯಾರ ಹೇಳ್ಯಾರ ನಿನಗ? ಹಾರಿದಾಗೊಮ್ಮೆ ಅದಕ್ಕ ಬೇಟೆ ಸಿಗತೈತೇನು? ಹತ್ತ ಸರತಿ ಹಾರಿದ್ರ ಒಂದ ಸರತಿ ಸಿಕ್ಕರ ಸಿಕ್ತು. ಸಿಗಲಿಲ್ಲಂದ್ರ ಕೂತು ಹಸಿವು ನುಂಗತೈತಿ. ಹಸಿವಿ ಇಲ್ಲಂತ ಅಲ್ಲ."

ತಮ್ಮ ಜಾತಿಯ ಹಕ್ಕಿಯ ಪರ ಮಾತಾಡುತ್ತಿದ್ದಾರೆ ಎಂದುಕೊಂಡು ನಾನು ಕಿವಿಗೊಡಲಿಲ್ಲ. ನನ್ನ ಲಕ್ಷ್ಯವೆಲ್ಲ ಬಟವೆಯ ಮೇಲಿತ್ತು. ಹಿಂದಿನ ದಿನ ಸಂಜೆಗೆ ಅದು ಖಾಲಿಯಾಗಿತ್ತು.

ತಪ್ಪು ನಡೆದದ್ದು ಮರುದಿನ ಬೆಳಿಗ್ಗೆ. ತಪ್ಪು ನನ್ನದೇ, ಬೇರೆಯವರ ಮೇಲೆ ಹೊರಿಸಲಾರೆ. ಆ ದಿನ ರವಿವಾರ ಎಂದುಕೊಂಡಿದ್ದೆ. ಅತ್ತೆ ಎಂದಿನಂತೆ ಪೂಜೆಗೆ ಕೂತರು. ಹಿಟ್ಟಿನ ಡಬ್ಬಿ ಸ್ಟೋವಿನ ಪಕ್ಕದಲ್ಲೇ ಇತ್ತು. ಪೂಜೆ ಮುಗಿಯುತ್ತ ಬಂದ ಹಾಗೆ ಕಂಡಿತು, ಇನ್ನೇನು ರೊಟ್ಟಿ ಬಡಿಯುತ್ತೇನೆ, ಉಣ್ಣುತ್ತೇನೆ ಎಂದು ಟಾಕಿಯ ಹಿಂದೆ ಹೋಗಿ ಒಂದು ಊಟಕ್ಕೆ ಬೇಕಾದಷ್ಟನ್ನು ಪೂರ್ತಿ ಚುಚ್ಚಿಕೊಂಡು ಬಂದೆ. ಹಿಟ್ಟಿನ ಡಬ್ಬಿಗೆ ಕೈ ಹಾಕಿದಾಗ ಅತ್ತೆ ಹೇಳಿದರು:

"ಸ್ಟೋವು ಹಚ್ಚಬ್ಯಾಡ. ಇವತ್ತ ಸೋಮವಾರ."

ಶ್ರಾವಣ ಸೋಮವಾರ ನಮ್ಮ ಮನೆಯ ಹೆಂಗಸರಿಗೆ ಉಪವಾಸ. ಸಂಜೆಯ ಪೂಜೆ ಆದ ಮೇಲೆಯೇ ಊಟ. ಹನ್ನೊಂದು ವರ್ಷವೂ ನಾನು ಆ ದಿನ ಸೂಜಿಯನ್ನು ಕಡಿಮೆ ಮಾಡಿಕೊಂಡು, ಕದ್ದು ತಿಂದು, ಸಂಜೆಗೆ ಎಲ್ಲರಿಗಿಂತ ಭಕ್ತಿಯಿಂದ ಕೈಮುಗಿದು ಪಾರಾಗಿದ್ದೆ. ಅತ್ತೆ ಬೆರಳು ತೋರಿಸಿದ ಕಡೆ ನೋಡಿದೆ. ಪೆಟ್ಟಿಗೆಯೊಂದರ ಮೇಲೆ ದಿನಕ್ಕೊಂದರಂತೆ ವಿಭೂತಿಯ ಗೆರೆ ಎಳೆದಿದ್ದರು. ಅವರು ದಿನ ಎಣಿಸಿದ್ದರು, ನಾನು ಬೇದಾಣೆ ಎಣಿಸುವುದರಲ್ಲಿ ದಿನ ಮರೆತಿದ್ದೆ.

"ಪೋರಿಗೆ ಅವಲಕ್ಕಿ ಕೊಡು. ಸಣ್ಣವರಿಗೆ, ಬಾಣಂತಿಗೆ, ಜಡ್ಡಿದ್ದವರಿಗೆ ಶಿವ ಉಪಾಸ ಹೇಳಿಲ್ಲ. ನಾನು ನೀನು ಗಟ್ಟಿ ಅದೀವಿ" ಎಂದರು.

ಜಡ್ಡಿದ್ದವರಿಗೆ ಇಲ್ಲ. ಬಾಗಿಲು ಅವರೇ ತೆರೆದಿಟ್ಟಿದ್ದರು. "ನನಗ ಜಡ್ಡ ಐತ್ರಿ" ಎಂದರೆ ಮುಗಿಯಿತು. ಆ ಮಾತನ್ನು ಗಂಟಲವರೆಗೆ ತಂದೆ. ತಂಗಿಯ ಮುಖ ಕಣ್ಣ ಮುಂದೆ ಬಂತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಹನ್ನೊಂದು ಶ್ರಾವಣಗಳ ಆ ಕೈಮುಗಿದ ಸೊಸೆಯ ಮುಖ ಬಂತು. ಕಾಯಿಲೆಯನ್ನು ಒಪ್ಪಿಕೊಳ್ಳಬಹುದಿತ್ತು, ನಾಟಕವನ್ನು ಒಪ್ಪಿಕೊಳ್ಳುವುದು ಹೇಗೆ. ಮಾತನ್ನು ನುಂಗಿಕೊಂಡೆ. ಆ ಹೊತ್ತಿಗೆ ನನಗೆ ನುಂಗಲು ಬೇರೆ ಏನೂ ಇರಲಿಲ್ಲ.

ಉಳಿದಿದ್ದ ಅವಲಕ್ಕಿಯನ್ನು ಉಪ್ಪು ಖಾರ ಹಾಕಿ ಮಗಳಿಗೆ ಕಲೆಸಿ ಕೊಟ್ಟೆ. ಒಂದು ತಾಟಿನ ತಳ ಮುಚ್ಚುವಷ್ಟು ಇತ್ತು. ಅವಳು ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದರಲ್ಲಿ ಹದ್ದಿಗೆ ಬಣ್ಣ ತುಂಬುತ್ತಿದ್ದಳು. ಎದೆ ಬಡಿದುಕೊಳ್ಳಲು ಶುರುವಾಗಿತ್ತು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದ ಒಂದು ಗಳಿಗೆಯಲ್ಲಿ ನಾನು ಮಗಳ ತಾಟಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಬಾಯಿಗೆ ಒತ್ತಿಕೊಂಡೆ. ಮಗಳು ನನ್ನ ಮುಖ ನೋಡಿದಳು. ತಾಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಹತ್ತು ವರ್ಷದ ಕೂಸಿನ ಬಾಯಿಯದನ್ನು ಕಿತ್ತುಕೊಂಡಿದ್ದೆ. ಎಡಗಡೆಯ ಸಾಲಿನವಳು ನಾನು ಎಂದು ಅಷ್ಟು ದಿನ ನನ್ನನ್ನು ನಾನೇ ಮುದ್ದು ಮಾಡಿಕೊಂಡಿದ್ದೆನಲ್ಲ, ಎರಗಿ ಕಸಿಯುವುದು ನನಗೂ ಬರುತ್ತಿತ್ತು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

"ಪೋರಿ ತಾಟಿನಾಗ ಯಾಕ ಕೈ ಹಾಕಿದಿ?" ಅತ್ತೆ ತಿರುಗಿ ನೋಡಿದ್ದರು.

"ಉಪ್ಪು ನೋಡಿದೆರಿ."

ಹಸಿಹಸಿ ಸುಳ್ಳು. ನಾನು ಮಗಳ ತಾಟನ್ನು ಅವಳ ಕಡೆಗೇ ತಳ್ಳಿದೆ.

ಒಂದು ಹಿಡಿ ಅವಲಕ್ಕಿ ಏನೂ ಸಾಲಲಿಲ್ಲ. ಅರ್ಧ ಗಂಟೆಯಾಗಿರಬೇಕು, ಮಳೆಯ ಚಳಿಯಲ್ಲೂ ಬೆನ್ನ ಮೇಲೆ ಬೆವರು ಹರಿಯಿತು. ತುಟಿ ಜುಮ್ಮೆಂದಿತು. ಮಗಳು ಗೂಡಿನ ಸಾಲು ಬರೆಯಲು ಪೆನ್ನು ಕೊಟ್ಟಳು, ಪೆನ್ನು ಬೆರಳಲ್ಲಿ ನಿಲ್ಲಲಿಲ್ಲ. ಅವಳು ಏನೋ ಹೇಳುತ್ತಿದ್ದಳು, ಆ ಹಕ್ಕಿ ಜೇಡರ ಬಲೆಯ ನೂಲಿನಿಂದ ಗೂಡು ಹೆಣೆಯುತ್ತದೆ ಎಂದೋ ಏನೋ, ಮಾತು ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ನಾಲ್ಕೂ ಗೋಡೆಯ ಪೆಟ್ಟಿಗೆಗಳು ಹತ್ತಿರ ಹತ್ತಿರ ಬಂದವು. ಒಂದೊಂದು ಪೆಟ್ಟಿಗೆಯಲ್ಲೂ ಹದಿನೈದು ಕಿಲೋ ಸಿಹಿ. ನನಗೆ ಬೇಕಾಗಿದ್ದು ಒಂದು ಹಿಡಿ. ಪೆಟ್ಟಿಗೆಯ ಮೇಲೆ ಸಲಗರೆಯ ರೈತನ ಗುರುತು, ಅದರ ಮೇಲೆ ಅತ್ತೆಯ ವಿಭೂತಿಯ ಗೆರೆ, ಆಚೆ ಕಿಟಕಿಯಲ್ಲಿ ಅತ್ತೆ. ಇಷ್ಟು ಸಿಹಿಯ ನಡುವೆ ಕೂತು ಸಾಯುತ್ತೇನೆ, ಆಮೇಲೂ ಅತ್ತೆಗೆ ಕಾರಣ ತಿಳಿಯುವುದಿಲ್ಲ ಎನಿಸಿತು. ಆಗ ನನಗೆ ಬಂದದ್ದು ಭಯವಲ್ಲ, ಕಡುಕೋಪ.

ಎದ್ದೆನೋ ತೆವಳಿದೆನೋ ನೆನಪಿಲ್ಲ. ಕೈಗೆ ಸಿಕ್ಕ ಪೆಟ್ಟಿಗೆಯ ಪಟ್ಟಿಯನ್ನು ಉಗುರಿನಿಂದ ಕಿತ್ತೆ, ರಟ್ಟು ಹರಿದೆ, ಒಳಗಿನ ಪ್ಲಾಸ್ಟಿಕ್ ಚೀಲವನ್ನು ಹಲ್ಲಿನಿಂದ ಕಚ್ಚಿದೆ. ಬೇದಾಣೆ ಸುರ್ರನೆ ನೆಲಕ್ಕೆ ಸುರಿಯಿತು. ನೆಲದಿಂದಲೇ ಬಾಚಿ ಬಾಯಿಗೆ ತುಂಬಿದೆ.

"ರೈತನ ಮಾಲದು" ಎಂದರು ಅತ್ತೆ. ದನಿ ಏರಿಸಲಿಲ್ಲ. ಕಿಟಕಿಯಿಂದ ಅಷ್ಟು ಬೇಗ ಹೇಗೆ ಬಂದರೋ, ನನ್ನ ಮಣಿಕಟ್ಟು ಅವರ ಮುಷ್ಟಿಯಲ್ಲಿತ್ತು. ಆ ಒಣಕಲು ಬೆರಳುಗಳಲ್ಲಿ ಅಷ್ಟು ಬಲ ಇದ್ದದ್ದು ನನಗೆ ತಿಳಿದಿರಲಿಲ್ಲ.

"ನನಗ ಜಡ್ಡ ಐತ್ರಿ" ಎಂದೆ. ಬಾಯಿ ತುಂಬ ಬೇದಾಣೆ, ಮಾತು ಹೇಗೆ ಹೊರಟಿತೋ. "ಸಕ್ಕರಿ ಜಡ್ಡು. ಸೂಜಿ ಚುಚ್ಚಗೊಂಡೇನಿ. ತಿನ್ನಲಿಲ್ಲಂದ್ರ ಸಾಯ್ತೀನ್ರಿ."

ಅವರ ಬೆರಳು ಸಡಿಲಾಗಲಿಲ್ಲ. ಆ ಕೈಯಿಂದ ನನ್ನನ್ನು ಹಿಡಿದಿದ್ದ ಹಾಗೇ, ಇನ್ನೊಂದು ಕೈಯಿಂದ ಪೆಟ್ಟಿಗೆಯೊಳಗಿಂದ ಒಂದು ಹಿಡಿ ತೆಗೆದು ನನ್ನ ಬಾಯಿಗೆ ಒತ್ತಿದರು. ನನ್ನ ಕೈ ನಡುಗಿ ಚೆಲ್ಲುತ್ತಿತ್ತು, ಅವರದು ಚೆಲ್ಲಲಿಲ್ಲ. "ಅಗಿ. ನುಂಗು. ಮತ್ತ ತಗೋ" ಎಂದರು. ಮಗಳು ನೀರಿನ ಲೋಟ ಹಿಡಿದು ಅಳುತ್ತ ನಿಂತಿದ್ದಳು. ಮೈ ನನ್ನದು ಎನ್ನಿಸುವಷ್ಟು ಆಗಲು ಬಹಳ ಹೊತ್ತು ಹಿಡಿಯಿತು. ಆಗ ನೋಡಿದರೆ ನಾನು ಅತ್ತೆಯ ತೊಡೆಗೆ ಒರಗಿದ್ದೆ, ನನ್ನ ಸೀರೆಯ ತುಂಬ ಬೇದಾಣೆ.

"ಯಾವಾಗಿಂದ?" ಎಂದರು.

"ಲಗ್ನಕ್ಕಿಂತ ಮದಲಿಂದ್ರಿ."

"ನನ್ನ ಮಗಗ ಗೊತ್ತೈತೇನು?"

"ಗೊತ್ತೈತ್ರಿ."

"ಈಟು ಶ್ರಾವಣ ಸೋಮವಾರ ಏನ ಮಾಡಿದಿ?"

"ಕದ್ದು ತಿಂದೇನ್ರಿ."

ಇನ್ನು ಅವ್ವನ ಮೋಸ, ತಂಗಿಯ ಮದುವೆ, ಎರಡು ಮನೆಯ ಮಾನ ಎಲ್ಲ ಹೊರಬರುತ್ತದೆ ಎಂದು ಮೈ ಬಿಗಿ ಮಾಡಿಕೊಂಡೆ. ಅದಾವುದನ್ನೂ ಅವರು ಕೇಳಲಿಲ್ಲ.

"ನಾ ಎಂದರ ನಿನಗ ಉಣಬ್ಯಾಡ ಅಂದೇನೇನು?"

"ಇಲ್ರಿ."

"ಬೈದೇನೇನು?"

"ಇಲ್ರಿ."

"ಮತ್ತ ಯಾಕ?"

ಸುಳ್ಳು ಹೇಳುವ ತ್ರಾಣ ಇರಲಿಲ್ಲ. "ನೀವು ನೋಡ್ತೀರ್ರಿ ಅತ್ತಿ" ಎಂದೆ. "ಹನ್ನೊಂದ ವರ್ಷ ನೀವು ಬರೇ ನೋಡೀರಿ. ನಿಮ್ಮ ಮುಂದ ನನಗ ತುತ್ತು ಇಳಿಯಂಗಿಲ್ಲ."

ಹೇಳಿದ ಮೇಲೆ ಹಗುರಾಗಲಿಲ್ಲ. ಹೊಡೆದಷ್ಟೇ ನೋವು ಅವರ ಮುಖದಲ್ಲಿ ಕಂಡಿತು, ಅದನ್ನು ಕಂಡು ನನಗೆ ಒಂದು ಕ್ಷಣ ಸಮಾಧಾನವೂ ಆಯಿತು. ಇದನ್ನು ಮುಚ್ಚಿಡುವುದಿಲ್ಲ. ಅವರು ಬಹಳ ಹೊತ್ತು ನೆಲದ ಮೇಲಿನ ಬೇದಾಣೆಯನ್ನು ಒಂದೊಂದೇ ಆರಿಸಿದರು. ಆರಿಸುತ್ತಲೇ ಹೇಳಿದರು.

"ನಾ ಈ ಮನಿಗೆ ಬಂದಾಗ ಉಣ್ಣಾವ್ರು ಹದಿನಾಕ ಮಂದಿ. ಸೊಸ್ತ್ಯಾರದು ಕಡೀಕ. ನಾ ಕಡೀ ಸೊಸಿ. ಬುಟ್ಟಿ ಬರಿದಾಗಿರತಿತ್ತು. ಹಸದೇನಿ ಅನ್ನಾಕ ನಾಚಿಕಿ. ಇವತ್ತ ಉಪಾಸ ಐತಿ ಅಂತಿದ್ದೆ. ಉಪಾಸ ಅಂದ್ರ ಯಾರೂ ಪಾಪ ಅನ್ನಂಗಿಲ್ಲ, ಕೈ ಮುಗೀತಾರ." ಆರಿಸಿದ್ದನ್ನು ಪೆಟ್ಟಿಗೆಗೆ ಹಾಕಿ, "ನಿನ್ನ ತಾಟಿಗೆ ಬಿತ್ತೋ ಇಲ್ಲೋ ಅಂತ ನೋಡತಿದ್ದೆ. ಅದನ್ನ ನೋಡತಿದ್ದೆ ನಾ" ಎಂದರು.

ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಆ ಮಧ್ಯಾಹ್ನ ಅವರು ಸೋಮವಾರವನ್ನು ಪಕ್ಕಕ್ಕಿಟ್ಟು ಸ್ಟೋವು ಹಚ್ಚಿ ನನಗೆ ರೊಟ್ಟಿ ಬಡಿದು ಕೊಟ್ಟರು. ತಾವು ಮಾತ್ರ ಸಂಜೆಯ ಪೂಜೆಯ ತನಕ ನೀರೂ ಮುಟ್ಟಲಿಲ್ಲ. ಹರಿದ ಪೆಟ್ಟಿಗೆಯನ್ನು ಬದಿಗೆ ಸರಿಸಿ, "ಇದು ಇನ್ನ ನಮ್ಮದು, ರೈತಗ ಹೇಳೂಣು" ಎಂದರು.

ಮರುದಿನ ದೋಣಿ ಬಂತು. ನೀರು ಇಳಿದ ಮೇಲೆ ಗಂಡ ಸಲಗರೆಯಿಂದ ಬಂದು ಬಾಗಿಲಲ್ಲಿ ನಿಂತಾಗ ಅತ್ತೆ ಕೇಳಿದ್ದು ಒಂದೇ ಮಾತು: "ನಿನ್ನ ವ್ಯಾಳ್ಯಾ ಬಂತೇನಪಾ?" ಅವರು ತಲೆ ತಗ್ಗಿಸಿ ಕೆಸರು ಬಳಿಯಲು ಹೋದರು. ತಂಗಿಯನ್ನು ಕೊಟ್ಟ ತಮ್ಮ ತವರಿನ ಕಡೆಗೆ ಅತ್ತೆಯೇ ಫೋನು ಮಾಡಿ, ನಮ್ಮ ಸೊಸೆಗೆ ಹೀಗೆ ಇದೆ, ಆಕೆಯ ತಂಗಿಗೆ ಇಲ್ಲ, ಈ ವಿಷಯದಲ್ಲಿ ಆ ಹುಡುಗಿಗೆ ಯಾರಾದರೂ ಏನಾದರೂ ಅಂದರೆ ನಾನು ಬಂದು ಕೇಳುತ್ತೇನೆ ಎಂದರು. ಅಲ್ಲಿ ನಾಲ್ಕು ದಿನ ಗುಸುಗುಸು ನಡೆದು ನಿಂತಿತು. ಯಾವುದಕ್ಕೆ ಹನ್ನೊಂದು ವರ್ಷ ಹೆದರಿದ್ದೆನೋ ಅದು ನಾಲ್ಕು ದಿನದ್ದಾಗಿತ್ತು. ಅದನ್ನು ನೆನೆದರೆ ಈಗಲೂ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನ್ನಿಸುತ್ತದೆ. ಚಾರ್ಟಿನಲ್ಲಿ ಸ್ವಭಾವದ ಸಾಲಿಗೆ ಏನು ಬರೆಯಬೇಕೆಂದು ನನಗೆ ಹೊಳೆಯಲಿಲ್ಲ, ಖಾಲಿ ಬಿಟ್ಟು ಕಳಿಸಿದೆ. ಟೀಚರು ಎರಡು ಅಂಕ ಕಳೆದರು, ಮಗಳು ಒಂದು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಈಗ ನಮ್ಮ ಮನೆಯಲ್ಲಿ ನನ್ನ ಊಟಕ್ಕೆ ಯಾರ ಪೂಜೆಯೂ ಅಡ್ಡ ಬರುವುದಿಲ್ಲ. ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲೇ ಎಲ್ಲರಿಗೂ ಕಾಣುವ ಹಾಗಿದೆ. ಅತ್ತೆ ಗಡಿಯಾರ ನೋಡಿ ಪೂಜೆಯ ನಡುವಿನಿಂದಲೇ "ಉಣ್ಣು ಹೋಗು" ಎಂದು ಕೈಸನ್ನೆ ಮಾಡುತ್ತಾರೆ. ಆದರೆ ನನಗೆ ಯಾರ ಎದುರೂ ಉಣ್ಣಲು ಬರುವುದಿಲ್ಲ. ತಾಟು ಹಿಡಿದ ಕೂಡಲೇ ಮೈ ತಾನಾಗಿ ಗೋಡೆಯ ಕಡೆ ತಿರುಗುತ್ತದೆ, ಸೆರಗು ಬಾಯಿಗೆ ಬರುತ್ತದೆ, ಅಗಿಯದೆ ನುಂಗುತ್ತೇನೆ. ಬೀಗರ ಮನೆಯ ಪಂಕ್ತಿಯಲ್ಲೂ ಹಾಗೇ ಮಾಡಿ ನಗೆಪಾಟಲಾಗಿದ್ದೇನೆ. ಬಿಡಬೇಕೆಂದು ಎಷ್ಟು ಸಲ ಹಟ ಹಿಡಿದರೂ ಬಿಟ್ಟಿಲ್ಲ.

ಅತ್ತೆಗೆ ಈಗ ಮೊಣಕಾಲು ನೋವು. ಕೂತರೆ ಏಳಲಾರರು, ಎದ್ದರೆ ಕೂರಲಾರರು. ನಾನು ತಾಟು ಹಾಕಿಕೊಂಡು ಗೋಡೆಯ ಕಡೆ ತಿರುಗುವುದನ್ನು ಅವರು ಕೆಲವು ದಿನ ನೋಡಿದರು. ಒಂದು ದಿನದಿಂದ, ನನ್ನ ಊಟದ ಹೊತ್ತಿಗೆ ಕಿಟಕಿಯ ಕಟ್ಟೆ ಹಿಡಿದು, ಮೊಣಕಾಲು ಒತ್ತಿ, ಅಮ್ಮಾ ಎನ್ನುತ್ತ ಎದ್ದು ಗಚ್ಚಿಗೆ ಹೋಗಿ ನಿಲ್ಲುತ್ತಾರೆ. ಬ್ಯಾಡ್ರಿ, ಕುಂದರ್ರಿ ಅಂದರೆ ಕೇಳುವುದಿಲ್ಲ. ನಾನು ಕೈ ತೊಳೆದ ಸಪ್ಪಳ ಕೇಳಿದ ಮೇಲೆಯೇ ಒಳಗೆ ಬರುತ್ತಾರೆ.